18 ವರ್ಷದ ಹಾವು, ಚೂರುಚೂರಾದ ಪೊರೆ: ಎಲ್ಲಕ್ಕೂ ವಯಸ್ಸೇ ಕಾರಣವಾ?

ಪ್ರಶ್ನೆ: ಡಾಕ್ಟ್ರೇ, ನಾವಿರೋದು ಅಮೆರಿಕದ ಮಿನ್ನೆಸೋಟದಲ್ಲಿ. ಮಗಳು ಐದನೇ ಕ್ಲಾಸಲ್ಲಿದ್ದಾಗ ಹಟ ಮಾಡಿ ತಂದ ಕಾರ್ನ್ ಸ್ನೇಕ್ ಈಗ ನನ್ನ ಪಾಲಿಗೆ ಉಳಿದಿದೆ. ಹೆಸರು ಬೆಲ್ಲ, ವಯಸ್ಸು 18. ಜುಲೈ, ನವೆಂಬರ್, ಫೆಬ್ರುವರಿ, ಮೂರು ಸಲವೂ ಪೊರೆ ಚೂರುಚೂರಾಗಿ ಬಂತು. ಬಾಲದ ತುದಿಯಲ್ಲಿ ಹಳೇ ಪೊರೆ ಉಂಗುರದ ಹಾಗೆ ಅಂಟಿಕೊಂಡಿದೆ. ಎಡಗಣ್ಣು ಮಂಜಾಗಿದೆ. ಹೊಟ್ಟೆಯ ಮಧ್ಯದ ನಾಲ್ಕೈದು ಹುರುಪೆಗಳು ಕಂದು ಬಣ್ಣಕ್ಕೆ ತಿರುಗಿವೆ. ಯಾರೋ ಹೇಳಿದರು ಅಂತ ದಿನಾ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೇನೆ, ಟ್ಯಾಂಕಿಗೆ ಎರಡು ಹೊತ್ತು ನೀರು ಚಿಮುಕಿಸುತ್ತೇನೆ. ಹಾಂ, ಬಾಲದ ಹತ್ತಿರ ಬೆನ್ನ ಮೇಲೆ ಶೇಂಗಾ ಬೀಜದಷ್ಟು ಗಂಟೂ ಇದೆ. ಊಟ ಸರಿಯಾಗಿಯೇ ಮಾಡುತ್ತಾನೆ. ಇದೆಲ್ಲ ವಯಸ್ಸಿನ ಲಕ್ಷಣವಾ? ಈ ವಯಸ್ಸಲ್ಲಿ ಆಸ್ಪತ್ರೆ ಅಂತ ಹಿಂಸೆ ಕೊಡೋದು ಸರಿಯಾ?

ಉತ್ತರ: ಬೆಲ್ಲನಿಗೆ ವಯಸ್ಸಾಗಿದೆ, ಅದರಲ್ಲಿ ಅನುಮಾನವಿಲ್ಲ. ಮನೆಯಲ್ಲಿ ಸಾಕಿದ ಕಾರ್ನ್ ಸ್ನೇಕ್ 15ರಿಂದ 20 ವರ್ಷ ಬದುಕುತ್ತದೆ. ಚೆನ್ನಾಗಿ ನೋಡಿಕೊಂಡರೆ 20 ದಾಟಿದ್ದೂ ಉಂಟು. ಆದರೆ ವಯಸ್ಸು ತಾನಾಗಿ ಪೊರೆ ಹರಿಯುವುದಿಲ್ಲ, ಹೊಟ್ಟೆಯ ಹುರುಪೆಗೆ ಕಂದು ಬಣ್ಣ ಬಳಿಯುವುದಿಲ್ಲ. ವಯಸ್ಸು ಮಾಡುವುದು ಬೇರೆ ಕೆಲಸ. ಬೆನ್ನುಮೂಳೆ ಬಿಗಿಯುತ್ತದೆ, ಮೂತ್ರಪಿಂಡ ಸೋಲುತ್ತದೆ, ಓಡಾಟ ಕಮ್ಮಿಯಾಗಿ ಹಾವು ಒಂದೇ ಕಡೆ ಬಿದ್ದುಕೊಳ್ಳುತ್ತದೆ. ಅದರ ಫಲ ಚರ್ಮದ ಮೇಲೆ ಕಾಣುತ್ತದೆ. ಹಾಗಾಗಿ ಮುದಿ ಹಾವಿನ ಚರ್ಮ ನೋಡುವಾಗ ನಾನು ಚರ್ಮಕ್ಕಿಂತ ಅದರ ಒಳಗಿನದ್ದರ ಬಗ್ಗೆ ಜಾಸ್ತಿ ಯೋಚಿಸುತ್ತೇನೆ.

ಇನ್ನೊಂದು ಮಾತು. ನೀವು ಹೇಳಿದ ಲಕ್ಷಣಗಳಿಗೆಲ್ಲ ಒಂದೇ ಕಾಯಿಲೆ ಕಾರಣ ಅಂತ ನನಗೆ ಅನ್ನಿಸುತ್ತಿಲ್ಲ. ಕಡಿಮೆ ಅಂದರೂ ಮೂರು ತೊಂದರೆ ಒಟ್ಟಿಗೇ ಸೇರಿಕೊಂಡಿವೆ. ಅದರಲ್ಲಿ ನನ್ನ ನಿದ್ದೆ ಕೆಡಿಸುವುದು ನೀವು ಕೊನೆಯಲ್ಲಿ "ಹಾಂ" ಅಂತ ನೆನಪಿಸಿಕೊಂಡ ಆ ಗಂಟು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಪೊರೆ. ಹಳೇ ಚರ್ಮದ ಅಡಿಯಲ್ಲಿ ಹೊಸ ಪದರ ಪೂರ್ತಿ ತಯಾರಾದ ಮೇಲೆ ಎರಡರ ನಡುವೆ ತೆಳುವಾಗಿ ದ್ರವ ತುಂಬಿಕೊಳ್ಳುತ್ತದೆ. ಆಗಲೇ ಹಾವಿನ ಬಣ್ಣ ಮಂಕಾಗಿ ಕಣ್ಣು ಹಾಲು ಬೆರೆಸಿದ ನೀಲಿಯಾಗುವುದು. ಕೆಲವು ದಿನಕ್ಕೆ ಕಣ್ಣು ತಿಳಿಯಾಗುತ್ತದೆ. ಅದಾಗಿ ನಾಲ್ಕಾರು ದಿನಕ್ಕೆ ಹಾವು ಒರಟಾದ ಕಲ್ಲಿಗೋ ತೊಗಟೆಗೋ ಮೂತಿ ಉಜ್ಜಿ, ತುಟಿಯ ಹತ್ತಿರ ಪೊರೆ ಬಿಡಿಸಿಕೊಂಡು, ಕಾಲುಚೀಲ ತಿರುವಿ ತೆಗೆದ ಹಾಗೆ ಅದರಿಂದ ಹೊರಗೆ ಹರಿದು ಬರುತ್ತದೆ. ಇದಕ್ಕೆ ಮೈಯೊಳಗೆ ನೀರು ಬೇಕು, ಸುತ್ತ ಗಾಳಿಯಲ್ಲಿ ತೇವ ಬೇಕು, ಉಜ್ಜಿ ಬಳುಕುವ ಶಕ್ತಿಯೂ ಬೇಕು. ಪೊರೆ ಚೂರಾಯಿತು ಅಂದರೆ ಇವುಗಳಲ್ಲಿ ಯಾವುದೋ ಕೈಕೊಟ್ಟಿದೆ.

ಎಳೆ ಹಾವಾಗಿದ್ದರೆ ಕಣ್ಣು ಮುಚ್ಚಿಕೊಂಡು "ತೇವ ಸಾಲದು" ಅನ್ನುತ್ತಿದ್ದೆ. ಮಿನ್ನೆಸೋಟದ ಚಳಿಗಾಲದಲ್ಲಿ ಹೀಟರ್ ಹಚ್ಚಿದ ಮನೆ ಎಷ್ಟು ಒಣಗಿರುತ್ತದೆ ಅಂತ ನಿಮ್ಮ ತುಟಿಗೇ ಗೊತ್ತು. ಕಾರ್ನ್ ಸ್ನೇಕ್ ಫ್ಲೋರಿಡಾ, ಜಾರ್ಜಿಯಾ ಕಡೆಯ ಹಾವು, ನಮ್ಮ ಕೇರೆಹಾವಿನ ದೂರದ ನೆಂಟ. ಅದಕ್ಕೆ ಶೇಕಡಾ 40ರಿಂದ 60ರಷ್ಟು ತೇವಾಂಶ ಬೇಕು, ಪೊರೆ ಬಿಡುವಾಗ ಇನ್ನೂ ಸ್ವಲ್ಪ ಜಾಸ್ತಿ. ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಜುಲೈ ಮೇಲೆ. ನವೆಂಬರ್, ಫೆಬ್ರುವರಿಯ ಪೊರೆ ಒಣಹವೆಗೆ ಹರಿಯಿತು ಅನ್ನೋಣ. ಜುಲೈಯಲ್ಲಿ ನಿಮ್ಮೂರು ಒಣಗಿರುವುದಿಲ್ಲ, ಅಲ್ವಾ? ಬೇಸಿಗೆಯಲ್ಲೂ ಪೊರೆ ಕೆಟ್ಟಿದೆ ಅಂದರೆ ತೊಂದರೆ ಟ್ಯಾಂಕಿನ ಗಾಳಿಯಲ್ಲಿ ಮಾತ್ರ ಇಲ್ಲ, ಮೈಯಲ್ಲೂ ಇದೆ. (ಗಾಜಿಗೆ ಅಂಟಿಸುವ ಮುಳ್ಳಿನ ಮೀಟರ್ ನಂಬಬೇಡಿ. ತಂತಿಯ ತುದಿಯಲ್ಲಿ ಸೆನ್ಸರ್ ಇರುವ ಡಿಜಿಟಲ್ ಮೀಟರ್ ತಂದು, ಹಾವು ಮಲಗುವ ಜಾಗದಲ್ಲೇ ಇಡಿ.)

ಮೈಯನ್ನು ಹೀಗೆ ನೋಡಿ. ನೆಲಕ್ಕೆ ಹಳೇ ಬೆಡ್‌ಶೀಟ್ ಹಾಸಿ ಬೆಲ್ಲನನ್ನು ಬಿಡಿ. ಹತ್ತು ನಿಮಿಷ ಸುಮ್ನೆ ನೋಡುತ್ತಾ ಕೂತುಕೊಳ್ಳಿ. ಆರೋಗ್ಯವಾಗಿರುವ ಹಾವಿನ ಬಳುಕು ತಲೆಯಿಂದ ಬಾಲದವರೆಗೆ ಎಲ್ಲೂ ತಡೆಯಿಲ್ಲದೆ ಹರಿದು ಹೋಗುತ್ತದೆ. ಬೆನ್ನುಮೂಳೆ ಬಿಗಿದಿದ್ದರೆ ಒಂದು ಗೇಣು ಜಾಗ ಬಳುಕುವುದೇ ಇಲ್ಲ, ಹಗ್ಗದ ನಡುವೆ ಕೋಲು ಸೇರಿಸಿ ಕಟ್ಟಿದ ಹಾಗೆ ಕಾಣುತ್ತದೆ. ಮುದಿ ಹಾವುಗಳಲ್ಲಿ ಬೆನ್ನಿನ ಮಣಿಗಳು ಒಂದಕ್ಕೊಂದು ಬೆಸೆದುಕೊಳ್ಳುವುದು ಇದೆ. ಕೆಲವೊಮ್ಮೆ ಅದರ ಹಿಂದೆ ಮೂಳೆಗೆ ತಗುಲಿದ ಸೋಂಕೂ ಇರುತ್ತದೆ. ಎಕ್ಸ್‌ರೇಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಂಥ ಹಾವಿಗೆ ತೊಗಟೆಗೆ ಮೈ ಸುತ್ತಿ ಉಜ್ಜಲು ಆಗುವುದಿಲ್ಲ. ತೇವ ಎಷ್ಟೇ ಕೊಟ್ಟರೂ ಪೊರೆ ಅರ್ಧಕ್ಕೇ ನಿಲ್ಲುತ್ತದೆ.

ಆಮೇಲೆ ಬೆನ್ನ ಮೇಲೆ ಬೆರಳಾಡಿಸಿ. ಎರಡೂ ಪಕ್ಕದ ಮಾಂಸ ಕರಗಿದ್ದರೆ ಬೆನ್ನು ಹೆಂಚಿನ ಮಾಡಿನ ಹಾಗೆ ಏಣು ಎದ್ದಿರುತ್ತದೆ. ವಾರಕ್ಕೊಮ್ಮೆ ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಕ ಮಾಡಿ ಬರೆದಿಡಿ. ಅಡುಗೆಮನೆಯ ತಕ್ಕಡಿ ಬೇಡ, ಹಾವಿಗೇ ಬೇರೆ ಇಡಿ. ಹಾವಿನ ಮೈಯಲ್ಲಿ ಸಾಲ್ಮೊನೆಲ್ಲಾ ಇರಬಹುದು, ಅದು ಮನುಷ್ಯರಿಗೆ ಬರುತ್ತದೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಹಾವು ಹೊರಹಾಕುವ ಬಿಳೀ ಸುಣ್ಣದಂಥ ಭಾಗವನ್ನೂ ಗಮನಿಸಿ, ಅದೇ ಅದರ ಮೂತ್ರ. ಮೆತ್ತಗೆ ಬೆಳ್ಳಗಿದ್ದರೆ ಸರಿ. ಹಳದಿಯಾಗಿ ಸೀಮೆಸುಣ್ಣದ ತುಂಡಿನ ಹಾಗೆ ಗಟ್ಟಿಯಾಗಿದ್ದರೆ ಮೈಯಲ್ಲಿ ನೀರು ಸಾಲದು ಅಂತ ತಿಳಿಯಿರಿ, ಮೂತ್ರಪಿಂಡದ ಮೇಲೂ ಅನುಮಾನ ಪಡಬೇಕು. ರಕ್ತದಲ್ಲಿ ಯೂರಿಕ್ ಆಸಿಡ್ ನೋಡುತ್ತಾರೆ, ಆದರೆ ಅದು ಏರುವುದು ಮೂತ್ರಪಿಂಡ ಬಹಳ ಕೆಟ್ಟ ಮೇಲೆ. ರಿಪೋರ್ಟ್ ನಾರ್ಮಲ್ ಬಂತು ಅಂತ ಆ ಅನುಮಾನ ಬಿಟ್ಟುಬಿಡಬೇಡಿ.

ಈಗ ಕಣ್ಣು. ಪೊರೆ ಬರುವ ಮುಂಚೆ ಮಂಜಾಗುವುದಾದರೆ ಎರಡೂ ಕಣ್ಣು ಒಟ್ಟಿಗೇ ಆಗುತ್ತವೆ. ಒಂದೇ ಕಣ್ಣು ಮಂಜಾದರೆ ಅದು ಪೊರೆಯ ಸರದಿಯಲ್ಲ. ಹಾವಿಗೆ ತೆರೆದು ಮುಚ್ಚುವ ರೆಪ್ಪೆಯಿಲ್ಲ. ಕಣ್ಣಿನ ಮೇಲೆ ಕನ್ನಡಕದಂಥ ತಿಳಿಯಾದ ಹುರುಪೆ ಇರುತ್ತದೆ, ಅದರ ಹೊರಪದರವೂ ಪೊರೆಯ ಜೊತೆ ಕಳಚಬೇಕು. ಫೆಬ್ರುವರಿಯ ಪೊರೆ ಎಸೆಯದೆ ಇಟ್ಟಿದ್ದೀರಾ? ತಲೆಯ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಎರಡು ಕಡೆಯೂ ಸಣ್ಣ ಕಾಂಟ್ಯಾಕ್ಟ್ ಲೆನ್ಸಿನಂಥ ಗುಂಡು ಬಿಲ್ಲೆ ಇರಬೇಕು. ಎಡಕ್ಕೆ ಬರೀ ತೂತು ಕಂಡರೆ ಹಳೇ ಬಿಲ್ಲೆ ಕಣ್ಣಿನ ಮೇಲೇ ಉಳಿದಿದೆ. ಪೊರೆಯು ತಿರುವಿಕೊಂಡು ಬರುವುದರಿಂದ ಎಡ-ಬಲ ಅದಲುಬದಲಾಗಿ ಕಾಣುತ್ತದೆ, ಗಡಿಬಿಡಿ ಬೇಡ. ಎರಡೂ ಬಿಲ್ಲೆ ಇದ್ದರೆ ವಿಷಯ ಜಟಿಲ. ಕನ್ನಡಕದ ಹಿಂದೆ ನೀರೋ ಕೀವೋ ತುಂಬಿರಬಹುದು. ಕಣ್ಣಿನ ನೀರು ಬಾಯಿಗೆ ಇಳಿಯುವ ಸಣ್ಣ ನಾಳವಿದೆ, ಬಾಯಿಯ ಸೋಂಕು ಅದೇ ದಾರಿ ಹಿಡಿದು ಮೇಲೇರುತ್ತದೆ. ಹಾಗಾಗಿ ಕಣ್ಣು ಕೆಟ್ಟ ಹಾವಿನ ಬಾಯಿ ತೆರೆದು ನೋಡದ ವೈದ್ಯರಿದ್ದರೆ ನೀವೇ ನೆನಪಿಸಿ.

ಒಂದು ಕೈಮುಗಿದ ಕೋರಿಕೆ: ಚಿಮುಟ, ಸೆಲ್ಲೋಟೇಪು, ಉಗುರು, ಯಾವುದೂ ಆ ಕಣ್ಣಿನ ಹತ್ತಿರ ಹೋಗಬಾರದು. ಈ ಕೆಲಸಕ್ಕೆ ಹೊಸಬನಾಗಿದ್ದಾಗ ನಾನೇ ಒಂದು ಬಾಲ್ ಪೈಥಾನ್‌ನ ಕಣ್ಣಿನಿಂದ ಹೀಗೆ ಬಿಲ್ಲೆ ಎಳೆದೆ. ಒಂದೇ ಪದರ ಉಳಿದಿದೆ ಅಂದುಕೊಂಡಿದ್ದೆ. ಹಳೇದರ ಜೊತೆ ಹೊಸದೂ ಕಿತ್ತು ಬಂತು. ಎರಡು ದಿನದಲ್ಲಿ ಕಣ್ಣು ಒಣಗಿತು, ಆಮೇಲೆ ಕಣ್ಣೇ ಹೋಯಿತು. ಅವತ್ತಿನಿಂದ ಕಣ್ಣಿನ ವಿಷಯದಲ್ಲಿ ನನ್ನ ಅವಸರ ಅರ್ಧಕ್ಕರ್ಧ ಇಳಿದಿದೆ. ತೇವ ಸರಿಮಾಡಿ ಮುಂದಿನ ಪೊರೆವರೆಗೆ ಕಾದರೆ ಬಹಳ ಸಲ ಬಿಲ್ಲೆ ತಾನೇ ಬರುತ್ತದೆ.

ಹೊಟ್ಟೆಯ ಕಂದು ಕಲೆಗೆ ನನ್ನ ಮೊದಲ ಅನುಮಾನ ಸುಟ್ಟಗಾಯ. ನಾವು ಬಿಸಿ ತವಾ ಮುಟ್ಟಿದರೆ ಕೈ ತಟ್ಟನೆ ಹಿಂದಕ್ಕೆ ಬರುತ್ತದೆ. ಹಾವು ಹಾಗಲ್ಲ, ಹೊಟ್ಟೆ ಸುಡುತ್ತಿದ್ದರೂ ಅಲ್ಲೇ ಮಲಗಿರುತ್ತದೆ. ಮುದಿ ಹಾವಂತೂ ಬೆಚ್ಚಗಿನ ಜಾಗ ಬಿಟ್ಟು ಏಳುವುದೇ ಇಲ್ಲ. ಟ್ಯಾಂಕಿನ ಅಡಿಯಲ್ಲಿ ಹೀಟ್ ಮ್ಯಾಟ್ ಇದೆಯಾ? ಥರ್ಮೋಸ್ಟಾಟ್‌ನ ಸೆನ್ಸರ್ ಹಾಸಿನಿಂದ ಜರುಗಿದರೂ ಸಾಕು, ಅದು ತಣ್ಣಗಿನ ಗಾಳಿ ಅಳೆಯುತ್ತಾ ಮ್ಯಾಟನ್ನು ಕಾಯಿಸುತ್ತಲೇ ಇರುತ್ತದೆ. ಹಾಸು ಸರಿಸಿ, ಹೊಟ್ಟೆ ತಾಗುವ ಗಾಜಿನ ಬಿಸಿ ಅಳೆಯಿರಿ. 32 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಆ ಕಡೆಯ ತಂಪು ಮೂಲೆ 23-25ರಲ್ಲಿರಲಿ. ಕಲೆ ಒಂದೇ ಕಡೆ ಗುಂಪಾಗಿದ್ದು, ಅವನು ಸುರುಳಿ ಸುತ್ತಿ ಮಲಗಿದಾಗ ಆ ಭಾಗ ಮ್ಯಾಟಿನ ಮೇಲೇ ಬರುತ್ತದೆ ಅಂದರೆ ಅನುಮಾನ ಗಟ್ಟಿಯಾಯಿತು.

ಎರಡನೆಯದು ಹುರುಪೆ ಕೊಳೆಯುವ ರೋಗ. ಇಲ್ಲಿ ನಿಮ್ಮ ಎರಡು ಹೊತ್ತಿನ ನೀರು ಚಿಮುಕಿಸುವಿಕೆ ಕಟಕಟೆಗೆ ಬರುತ್ತದೆ. ತೇವ ಬೇರೆ, ಒದ್ದೆ ಬೇರೆ. ಹಾವಿಗೆ ಬೇಕಿರುವುದು ತೇವದ ಗಾಳಿ. ಒದ್ದೆ ಹಾಸಿನ ಮೇಲೆ ದಿನಗಟ್ಟಲೆ ಮಲಗಿದರೆ ಹೊಟ್ಟೆಯ ಹುರುಪೆಗಳ ಅಂಚು ಮೊದಲು ಕೆಂಪಾಗಿ, ಆಮೇಲೆ ಕಂದಾಗಿ, ಅಡಿಯಲ್ಲಿ ನೀರುಗುಳ್ಳೆ ಏಳುತ್ತದೆ. ಸೂಡೋಮೊನಾಸ್, ಏರೋಮೊನಾಸ್‌ನಂಥ ಬ್ಯಾಕ್ಟೀರಿಯಾಗೆ ಅದೇ ಬಾಗಿಲು. ಕೆಟ್ಟ ವಾಸನೆ ಬಂದರೆ ಅನುಮಾನವೇ ಬೇಡ.

ಈ ಎರಡಕ್ಕೂ ನಾಲ್ಕೈದು ದಿನ ಪುರುಸೊತ್ತಿದೆ. ಮೂರನೆಯದಕ್ಕೆ ಇಲ್ಲ. ಸೋಂಕು ರಕ್ತಕ್ಕೆ ಇಳಿದರೆ ಹೊಟ್ಟೆಯುದ್ದಕ್ಕೂ ಗುಲಾಬಿ ಛಾಯೆ, ಸೂಜಿ ಚುಚ್ಚಿದಂಥ ಕೆಂಪು ಚುಕ್ಕೆ ಏಳುತ್ತವೆ. ಕಾರ್ನ್ ಸ್ನೇಕ್ ಹೊಟ್ಟೆ ಸಾಮಾನ್ಯವಾಗಿ ಚದುರಂಗದ ಹಾಸಿನಂತೆ ಕಪ್ಪು-ಬಿಳುಪು ಚೌಕ. ಕಪ್ಪು ಚೌಕದಲ್ಲಿ ಏನೂ ಗೊತ್ತಾಗುವುದಿಲ್ಲ, ಬಿಳೀ ಚೌಕಗಳನ್ನೇ ನೋಡಿ. ಅವು ಕೆಂಪಗಾಗಿದ್ದು, ಹಾವು ಜೋಲುಬಿದ್ದಿದ್ದರೆ ಅವತ್ತೇ ಆಸ್ಪತ್ರೆಗೆ ಹೊರಡಿ.

ನೀವು ಅಮೆರಿಕದಲ್ಲಿರುವುದರಿಂದ ಶಿಲೀಂಧ್ರದಿಂದ ಬರುವ ಒಂದು ರೋಗದ ಹೆಸರು ಹೇಳಲೇಬೇಕು, ಓಫಿಡಿಯೊಮೈಕೋಸಿಸ್. 2006ರ ಹೊತ್ತಿಗೆ ನ್ಯೂ ಹ್ಯಾಂಪ್‌ಶೈರ್‌ನ ಕಾಡಿನ ಬುಡುಬುಡಿಕೆ ಹಾವುಗಳಲ್ಲಿ (ರ್‍ಯಾಟಲ್‌ಸ್ನೇಕ್) ಕಂಡ ಚರ್ಮರೋಗದಿಂದ ಇದರ ಮಾತು ಜೋರಾಯಿತು. ಸಾಕಿದ ಹಾವಿಗೂ ಬರುತ್ತದೆ. ಹುರುಪೆ ದಪ್ಪಗಾಗಿ ಹಳದಿ-ಕಂದು ಹಕ್ಕಳೆ ಕಟ್ಟುತ್ತದೆ, ಮುಖ ಊದಬಹುದು, ಹಾವು ಮತ್ತೆ ಮತ್ತೆ ಪೊರೆ ಬಿಡುತ್ತದೆ. ಬೆಲ್ಲ ಮೂರ್ನಾಲ್ಕು ತಿಂಗಳಿಗೊಮ್ಮೆ ಬಿಡುತ್ತಿದ್ದಾನೆ, ಮುಖದ ಬಗ್ಗೆ ನೀವೇನೂ ಹೇಳಿಲ್ಲ. ನನ್ನ ಪಟ್ಟಿಯಲ್ಲಿ ಇದು ಕೆಳಗಿದೆ. ಆದರೂ ಹೊಟ್ಟೆಯ ಕಲೆಯಿಂದ ಸ್ವಾಬ್ ತೆಗೆದು ಪಿಸಿಆರ್‌ಗೆ ಕಳಿಸಿದರೆ ಒಳ್ಳೆಯದು. ಸ್ವಾಬ್‌ನಲ್ಲಿ ಶಿಲೀಂಧ್ರ ಸಿಕ್ಕಿದ ಮಾತ್ರಕ್ಕೆ ಗಾಯಕ್ಕೆ ಅದೇ ಕಾರಣ ಅಂತ ಹೇಳಲಾಗದು. ಚರ್ಮದ ಒಂದು ಚೂರು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ ಖಾತ್ರಿ.

ನುಸಿ ಇಲ್ಲವೆಂದೂ ನೋಡಿಕೊಳ್ಳಿ. ಬಿಳೀ ಪೇಪರ್ ಟವೆಲ್ ಒದ್ದೆ ಮಾಡಿ ಮೈಮೇಲೆ ಸವರಿ. ಗದ್ದದ ಅಡಿಯ ಸೀಳು, ಕಣ್ಣಿನ ಸುತ್ತ ನೋಡಿ. ನೀರಿನ ಬಟ್ಟಲಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ ತೇಲುತ್ತಿದ್ದರೆ ಅದೇ. ನಾಯಿಗೆ ಹೊಡೆಯುವ ಉಣ್ಣೆ ಸ್ಪ್ರೇ ಇದಕ್ಕೆ ಬಳಸಬೇಡಿ.

ಇನ್ನು ಗಂಟು. ನಮಗೆ ಕುರು ಎದ್ದರೆ ಒಡೆದು ಕೀವು ಹರಿಯುತ್ತದೆ, ಹಾವಿನದು ಹರಿಯುವುದಿಲ್ಲ. ಅದರ ಕೀವು ಒಣಗಿದ ಪನೀರಿನ ಹಾಗೆ ಪದರ ಪದರವಾಗಿ ಗಟ್ಟಿಯಾಗುತ್ತದೆ. ಆದ್ದರಿಂದ ಕೀವಿನ ಗಂಟೋ, ಬೆಳೆಯುತ್ತಿರುವ ಗೆಡ್ಡೆಯೋ ಅಂತ ಬೆರಳಿಗೆ ಗೊತ್ತಾಗುವುದಿಲ್ಲ. 25 ವರ್ಷದ ಅನುಭವದ ಬೆರಳಿಗೂ ಗೊತ್ತಾಗುವುದಿಲ್ಲ, ಗೊತ್ತಾಗುತ್ತದೆ ಅನ್ನುವವರನ್ನು ನಾನು ನಂಬುವುದಿಲ್ಲ. ಸೂಜಿ ಹಾಕಿ ಎಳೆದರೆ ಎಷ್ಟೋ ಸಲ ಏನೂ ಬರುವುದಿಲ್ಲ. "ಏನೂ ಸಿಗಲಿಲ್ಲ" ಅಂದರೆ "ಏನೂ ಇಲ್ಲ" ಅಂತ ಅರ್ಥವಲ್ಲ. ವಯಸ್ಸಾದ ಹಾವುಗಳಲ್ಲಿ ಚರ್ಮದ ಅಡಿಯ ಕ್ಯಾನ್ಸರ್ ಗೆಡ್ಡೆಗಳು ಅಪರೂಪವೇನಲ್ಲ. ಕಾರ್ನ್ ಸ್ನೇಕ್‌ಗಳಲ್ಲಿ ಸಾರ್ಕೋಮಾ ಅನ್ನುವ ಬಗೆ ಕಾಣುತ್ತದೆ. ಬಣ್ಣದ ಕೋಶಗಳಿಂದ ಹುಟ್ಟುವ ಗೆಡ್ಡೆಗಳೂ ಇವೆ.

ಚರ್ಮವನ್ನು ಮೆಲ್ಲಗೆ ಸರಿಸಿ ನೋಡಿ. ಗಂಟು ಚರ್ಮದ ಜೊತೆ ಜರುಗುತ್ತದಾ, ಅಡಿಯ ಮಾಂಸಕ್ಕೆ ಬೇರು ಬಿಟ್ಟಿದೆಯಾ? ಜರುಗಿದರೆ ತೆಗೆಯುವುದು ಸುಲಭ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೊ ತೆಗೆಯಿರಿ, ವಾರ ಬಿಟ್ಟು ಮತ್ತೆ ತೆಗೆಯಿರಿ. ಬೆಳೆದಿಲ್ಲ ಅಂತ ಕಂಡರೂ ಎರಡು ವಾರಕ್ಕಿಂತ ಹೆಚ್ಚು ಕಾಯಬೇಡಿ. ನನ್ನ ಸಲಹೆ, ಶೇಂಗಾ ಗಾತ್ರದಲ್ಲಿರುವಾಗಲೇ ಇಡೀ ಗಂಟು ತೆಗೆಸಿ ಲ್ಯಾಬಿಗೆ ಕಳಿಸಿ. ಮುದಿ ಹಾವಿಗೆ ಅರಿವಳಿಕೆ ಕೊಡುವುದರಲ್ಲಿ ಅಪಾಯ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಇವತ್ತಿನ ಚಿಕ್ಕ ಆಪರೇಷನ್ನಿಗಿಂತ ಆರು ತಿಂಗಳ ಮೇಲೆ ಕೋಳಿಮೊಟ್ಟೆ ಗಾತ್ರದ ಗೆಡ್ಡೆ ತೆಗೆಯುವುದು ಹೆಚ್ಚು ಅಪಾಯ. ಆಗ ಹೊಲಿಯಲು ಚರ್ಮವೇ ಸಾಲುವುದಿಲ್ಲ.

ಕೊಬ್ಬರಿ ಎಣ್ಣೆ ಇವತ್ತೇ ನಿಲ್ಲಿಸಿ. ನಮ್ಮ ಕಡೆ ತಲೆನೋವಿನಿಂದ ಬಾಗಿಲಿನ ತಿರುಗಣಿವರೆಗೆ ಎಲ್ಲಕ್ಕೂ ಅದೇ ಮದ್ದು, ನನ್ನಜ್ಜಿ ಇದ್ದಿದ್ದರೆ ಅವರೂ ಅದನ್ನೇ ಹೇಳುತ್ತಿದ್ದರು. ಹಾವಿನ ಚರ್ಮಕ್ಕೆ ಬೇಕಿರುವುದು ನೀರು. ಎಣ್ಣೆ ನೀರು ಕೊಡುವುದಿಲ್ಲ, ಕಸ ಅಂಟಿಸುತ್ತದೆ. ನಾಳೆ ವೈದ್ಯರು ನೋಡುವಾಗ ಕಲೆಯ ನಿಜವಾದ ಬಣ್ಣವೂ ಮುಚ್ಚಿಹೋಗಿರುತ್ತದೆ.

ಬಾಲದ ಉಂಗುರ ಮಾತ್ರ ಕಾಯಲು ಬಿಡಬೇಡಿ, ಒಣಗುತ್ತಾ ಬಿಗಿದು ತುದಿಗೆ ರಕ್ತ ನಿಲ್ಲಿಸುತ್ತದೆ. ಒಂದು ಡಬ್ಬದಲ್ಲಿ 28 ಡಿಗ್ರಿಯ ನೀರು ಹಾಕಿ. ಮೈಯ ಅರ್ಧ ಎತ್ತರಕ್ಕೆ ಬಂದರೆ ಸಾಕು. ಹೊಟ್ಟೆಯಲ್ಲಿ ಗಾಯ ಬಾಯಿ ಬಿಟ್ಟಿದ್ದರೆ ಇಡೀ ಮೈ ನೆನೆಸಬೇಡಿ, ಬಾಲಕ್ಕೆ ಮಾತ್ರ ಒದ್ದೆ ಬಟ್ಟೆ ಸುತ್ತಿ. 20 ನಿಮಿಷ ಪಕ್ಕದಲ್ಲೇ ಕೂತಿರಿ. ಆಮೇಲೆ ಒದ್ದೆ ಟವೆಲನ್ನು ಸಡಿಲವಾಗಿ ಹಿಡಿದು, ಅದರೊಳಗಿಂದ ಅವನೇ ಹರಿದು ಹೋಗಲಿ. ಉಂಗುರ ಮೆತ್ತಗಾದರೆ ಒದ್ದೆ ಹತ್ತಿಯಿಂದ ಬಾಲದ ತುದಿಯ ಕಡೆಗೆ ಉರುಳಿಸಿ. ಬರದಿದ್ದರೆ ನಾಳೆ ಮತ್ತೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ತುದಿ ಆಗಲೇ ಕಪ್ಪಾಗಿ ಕಡ್ಡಿಯ ಹಾಗೆ ಒಣಗಿದ್ದರೆ ಮುಟ್ಟಬೇಡಿ, ಅದು ವೈದ್ಯರ ಕೆಲಸ.

ಟ್ಯಾಂಕಿನ ಹಾಸು ಪೂರ್ತಿ ತೆಗೆದು ಬಿಳೀ ಪೇಪರ್ ಟವೆಲ್ ಹಾಕಿ. ರಕ್ತ, ನುಸಿ, ಮೂತ್ರದ ಬಣ್ಣ ಎಲ್ಲ ಅದರಲ್ಲಿ ಕಾಣುತ್ತದೆ. ನೀರು ಚಿಮುಕಿಸುವ ಬದಲು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಕ್ಕೆ ಹಾವು ಹೋಗುವಷ್ಟು ತೂತು ಮಾಡಿ, ಹಿಂಡಿದ ಸ್ಫ್ಯಾಗ್ನಮ್ ಪಾಚಿ ತುಂಬಿ ಒಂದು ಮೂಲೆಯಲ್ಲಿಡಿ. ಬೇಕಾದಾಗ ಅವನೇ ಹೋಗುತ್ತಾನೆ, ಸಾಕಾದಾಗ ಎದ್ದು ಬರುತ್ತಾನೆ. ಹೊಟ್ಟೆಯ ಗಾಯ ಆರುವವರೆಗೆ ಈ ಡಬ್ಬವನ್ನು ಪೊರೆಗೆ ಮುಂಚೆ ಎರಡೂ ಕಣ್ಣು ಮಂಜಾದ ದಿನಗಳಲ್ಲಿ ಮಾತ್ರ ಇಡಿ. ಮನೆಯಲ್ಲಿರುವ ಮನುಷ್ಯರ ಮುಲಾಮು ಹಚ್ಚಬೇಡಿ, ನೋವು ಮರಗಟ್ಟಿಸುವ ಔಷಧಿ ಬೆರೆತದ್ದಂತೂ ಬೇಡವೇ ಬೇಡ.

ಹಿಂಸೆಯ ಪ್ರಶ್ನೆ ಕೇಳಿದ್ದೀರಿ. ಊಟ ಮಾಡುವ ಹಾವು ಇನ್ನೂ ಸೋತಿಲ್ಲ. ಬೆನ್ನುಮೂಳೆಯ ನೋವಿಗೆ ಔಷಧಿ ಇದೆ, ಸುಟ್ಟಗಾಯ ಎರಡು ಮೂರು ಪೊರೆಗೆ ಬಹಳಷ್ಟು ಮಾಸುತ್ತದೆ. ಗೆಡ್ಡೆ ಒಳಗೆಲ್ಲ ಹರಡಿದೆ ಅಂತ ಗೊತ್ತಾದರೆ ಮಾತ್ರ ನೆಮ್ಮದಿಯಾಗಿ ಕಳಿಸಿಕೊಡುವ ಮಾತು ಬರುತ್ತದೆ. ಆಗ ನಾನೂ ಅದನ್ನೇ ಹೇಳುತ್ತೇನೆ. ಅದು ಗೊತ್ತಾಗಬೇಕಾದರೂ ಒಮ್ಮೆ ಪರೀಕ್ಷೆ ಆಗಲೇಬೇಕಲ್ಲ. ಎಲ್ಲಕ್ಕೂ ಒಟ್ಟಿಗೆ ದುಡ್ಡು ಹಾಕಲು ಆಗದಿದ್ದರೆ ಮೊದಲು ಗಂಟು, ಆಮೇಲೆ ಎಕ್ಸ್‌ರೇ, ಆಮೇಲೆ ರಕ್ತ.

ಊರಿನಲ್ಲಿ ಇದನ್ನು ಓದುವವರಿಗೆ: ಕೇರೆ, ನಾಗರ, ಹೆಬ್ಬಾವು, ಮಣ್ಣುಮುಕ್ಕ ಯಾವುದನ್ನೂ ಮನೆಯಲ್ಲಿ ಸಾಕುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಬಾಲ್ ಪೈಥಾನ್‌ನಂಥ ವಿದೇಶಿ ಹಾವಿದ್ದರೆ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು.

ಬೆಲ್ಲನಿಗೆ ವೈದ್ಯರನ್ನು ಹುಡುಕುವಾಗ ನಾಯಿ-ಬೆಕ್ಕು ಮಾತ್ರ ನೋಡುವವರಲ್ಲಿಗೆ ಹೋಗಬೇಡಿ. ಅಮೆರಿಕದಲ್ಲಿ ಸರೀಸೃಪ ವೈದ್ಯರ ಸಂಘವಿದೆ, ಎಆರ್‌ಎವಿ ಅಂತ. ಅವರ ಪಟ್ಟಿಯಲ್ಲಿ ಹತ್ತಿರದವರು ಸಿಗುತ್ತಾರೆ. ಹೋಗುವಾಗ ಫೆಬ್ರುವರಿಯ ಪೊರೆ ಜಿಪ್ ಚೀಲದಲ್ಲಿ, ತೂಕ ಬರೆದ ಚೀಟಿ, ಟ್ಯಾಂಕಿನ ಮತ್ತು ಹೊಟ್ಟೆಯ ಫೋಟೊ ಜೊತೆಗಿರಲಿ. ಊಟ ಕೊಟ್ಟ ಮರುದಿನ ಕರೆದೊಯ್ಯಬೇಡಿ, ಕಕ್ಕಿಬಿಡುತ್ತಾನೆ. ದಿಂಬಿನ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಅದನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಡಿ. ಬಿಸಿನೀರಿನ ಬಾಟಲಿಯನ್ನು ಟವೆಲಲ್ಲಿ ಸುತ್ತಿ ಪೆಟ್ಟಿಗೆಯ ಇನ್ನೊಂದು ತುದಿಗಿಡಿ, ಅವನಿಗೆ ತಾಗಬಾರದು. ಕಾರನ್ನು ಹತ್ತು ನಿಮಿಷ ಮೊದಲೇ ಬೆಚ್ಚಗೆ ಮಾಡಿಕೊಂಡು ಆಮೇಲೆ ಅವನನ್ನು ಮನೆಯಿಂದ ಹೊರತನ್ನಿ.